ಮೂರು ಕಡೆ ಕೂತೆ, ಒಂದು ಕಡೆ ಉಳಿದೆ: ಬಳ್ಳಾರಿಯಲ್ಲಿ ಮನಸ್ಸಿನ ಮಾತಿಗೊಂದು ಗುಂಪು ಹುಡುಕಿದ್ದು

ಮೊದಲೇ ಹೇಳಿಬಿಡುತ್ತೇನೆ. ನಾನು ಈಗ ಹೋಗುತ್ತಿರುವುದು ಸರ್ಕಾರಿ ಆಸ್ಪತ್ರೆಯ ಗುಂಪಿಗೆ. ಹದಿನೈದು ದಿನಕ್ಕೊಮ್ಮೆ, ಗುರುವಾರ ಮಧ್ಯಾಹ್ನ. ಎಂಟು ತಿಂಗಳಾಯಿತು. ಅದಕ್ಕೂ ಮೊದಲು ದುಡ್ಡು ಕಟ್ಟಿ ಒಂದು ಖಾಸಗಿ ಕೇಂದ್ರದಲ್ಲಿ ಕೂತಿದ್ದೆ. ಆಮೇಲೆ ಮೊಬೈಲ್‌ನಲ್ಲಿ ಬೆಂಗಳೂರಿನ ಗುಂಪೊಂದರ ಜೊತೆ ಕೂತಿದ್ದೆ. ಮೂರನ್ನೂ ಹೋಲಿಸಿ ಬರೆಯುತ್ತಿದ್ದೇನೆ. ಯಾವುದರ ಹೆಸರನ್ನೂ ಹಾಕುವುದಿಲ್ಲ. ಗುಂಪು ಅಂದರೆ ಮನಸ್ಸಿನ ನೋವು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಕೂರುವ ಎಂಟು ಹತ್ತು ಜನ ಅಷ್ಟೇ. ಜಾಗದ ಹೆಸರು ಹೇಳಿದರೆ ಅಲ್ಲಿ ಕೂರುವವರ ಗುರುತು ಹಿಡಿಯುವುದು ಬಳ್ಳಾರಿಯಂಥ ಊರಲ್ಲಿ ಕಷ್ಟವಲ್ಲ.

ನನ್ನ ವಿಷಯ ಇಷ್ಟು. ಅವ್ವನಿಗೆ ಲಕ್ವಾ ಹೊಡೆದು ಮೂರು ವರ್ಷ ಹಾಸಿಗೆ ಹಿಡಿದಿದ್ದಳು. ಒಂದೇ ಮಗ್ಗುಲಲ್ಲಿ ಮಲಗಿದರೆ ಬೆನ್ನಿಗೆ ಹುಣ್ಣಾಗುತ್ತದೆ, ಎರಡು ತಾಸಿಗೊಮ್ಮೆ ಹೊರಳಿಸಿ ಮಲಗಿಸಿ ಅಂತ ಡಾಕ್ಟರ್ ಹೇಳಿದ್ದರು. ರಾತ್ರಿ ಹನ್ನೆರಡು, ಎರಡು, ನಾಲ್ಕು. ಅಲಾರಾಂ ಇಟ್ಟುಕೊಂಡು ಏಳುತ್ತಿದ್ದೆ. ಅವ್ವ ಹೋದ ಮೇಲೆ ಅಲಾರಾಂ ತೆಗೆದೆ, ಆದರೆ ಎಚ್ಚರ ಆಗುವುದು ನಿಲ್ಲಲಿಲ್ಲ. ಎರಡು ಗಂಟೆಗೆ ಎದ್ದು ಖಾಲಿ ಮಂಚದ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಹಗಲು ಜೀನ್ಸ್ ಹೊಲಿಯುವ ಘಟಕದಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಪೀಸ್ ಲೆಕ್ಕ ತಪ್ಪತೊಡಗಿತು. ಮಗನ ಮೇಲೆ ಸುಮ್ನೆ ಸುಮ್ನೆ ರೇಗುತ್ತಿದ್ದೆ. ಮನೆಯವರು "ವಯಸ್ಸಾಗಿತ್ತು, ಬಿಡುಗಡೆ ಆಯ್ತು, ಬಿಡು" ಅನ್ನುತ್ತಿದ್ದರು.

ಒಂದು ರಾತ್ರಿ ತಡೆಯಲಾಗದೆ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದು ಗುಂಪಲ್ಲ, ಹಾಗಾಗಿ ಈ ಹೋಲಿಕೆಗೆ ಸೇರಿಸುವುದಿಲ್ಲ. ಆದರೆ ನಡುರಾತ್ರಿಯಲ್ಲಿ ಒಂದು ಹೆಣ್ಣುದನಿ ಅವಸರ ಮಾಡದೆ ನನ್ನ ಮಾತು ಕೇಳಿತಲ್ಲ, ಅದು ದೊಡ್ಡದು. "ನಿಮ್ಮ ಥರ ಮನೆಯವರನ್ನು ನೋಡಿಕೊಂಡವರ ಜೊತೆ ಕೂತು ಮಾತಾಡಿದರೆ ಹಗುರ ಆಗಬಹುದು" ಅಂತ ಹೇಳಿದ್ದೂ ಅವರೇ. ಸಾಯಬೇಕು ಅನ್ನುವ ಯೋಚನೆ ಬರುತ್ತಿರುವವರು ಗುಂಪು ಹುಡುಕುತ್ತಾ ಕೂರಬೇಡಿ. ಮೊದಲು ಈ ನಂಬರ್‌ಗೆ ಫೋನ್ ಮಾಡಿ, ಇಲ್ಲವೇ ಯಾರನ್ನಾದರೂ ಜೊತೆ ಕರೆದುಕೊಂಡು ನೇರ ಆಸ್ಪತ್ರೆಗೆ ಹೋಗಿ.

ಇನ್ನು ಖಾಸಗಿ ಕೇಂದ್ರ. ನೋಡಲು ಎಲ್ಲವೂ ಚೆನ್ನಾಗಿತ್ತು. ತಣ್ಣನೆ ಕೋಣೆ, ಮೆತ್ತನೆ ಕುರ್ಚಿ, ಸಂಜೆ ಆರೂವರೆಗೆ ಸಮಯ. ಕೆಲಸ ಮುಗಿಸಿ ಆರಾಮಾಗಿ ಹೋಗಬಹುದಿತ್ತು. ಒಂದು ಸಲಕ್ಕೆ ₹400, ನಾಲ್ಕು ಸಲದ್ದು ₹1,600 ಮುಂಗಡ. ತಿಂಗಳಿಗೆ ₹14,000 ತರುವ ನನಗೆ ಅದು ಸಣ್ಣ ಮೊತ್ತವಲ್ಲ. ಆದರೂ ಕಟ್ಟಿದೆ. ಮೊದಲ ದಿನವೇ ಅವ್ವನ ವಿಷಯ ಹೇಳುತ್ತಾ ಅತ್ತುಬಿಟ್ಟೆ. ಯಾರೂ ತಡೆಯಲಿಲ್ಲ. ಹೊರಗೆ ಬಂದಾಗ ಎದೆ ಹಗುರವಾಗಿತ್ತು, ಸುಳ್ಳು ಹೇಳುವುದಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಫೋನ್ ಟಿಂಗ್ ಟಿಂಗ್ ಅನ್ನುತ್ತಿತ್ತು. ನನ್ನನ್ನು ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದರು. ಕೇಳಿರಲಿಲ್ಲ. ಫಾರಂನಲ್ಲಿ ಬರೆದ ನಂಬರ್ ತೆಗೆದುಕೊಂಡು ಸೇರಿಸಿದ್ದಷ್ಟೇ. ಅದರಲ್ಲಿ 23 ನಂಬರ್. ನನ್ನ ಜೊತೆ ಕೂತವರು ಒಂಬತ್ತೇ ಜನ. ಉಳಿದವರು ಹಿಂದೆ ಬಂದು ಹೋದವರು, ಬೇರೆ ದಿನ ಬರುವವರು. ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಫೋಟೋ ಕಾಣುತ್ತದೆ. ಒಬ್ಬಾಕೆಯ ಫೋಟೋದಲ್ಲಿ ಮಗಳು ಸ್ಕೂಲ್ ಯೂನಿಫಾರಂನಲ್ಲಿದ್ದಳು. ನನ್ನ ಅಣ್ಣನ ಮಗಳು ಓದುವ ಶಾಲೆಯದೇ ಯೂನಿಫಾರಂ. ಅಲ್ಲೇ ನನಗೆ ಒಂಥರಾ ಆಯಿತು.

ರಾತ್ರಿ ಒಂಬತ್ತಕ್ಕೆ ಒಬ್ಬರು ಬರೆದರು: "ಇವತ್ತು ಅಕ್ಕ ಅವರ ತಾಯಿ ಬಗ್ಗೆ ಹೇಳಿ ಅತ್ತಿದ್ದು ನೋಡಿ ನನಗೂ ಕಣ್ಣೀರು ಬಂತು." ಕೆಳಗೆ ನನ್ನ ನಂಬರ್ ಟ್ಯಾಗ್ ಮಾಡಿದ್ದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅದರ ಕೆಳಗೆ ಹತ್ತು ಜನ ಕೈಮುಗಿದ ಚಿತ್ರ ಹಾಕಿದರು. ಆಗ ಫೋನ್ ಇದ್ದದ್ದು ನನ್ನ ಮಗನ ಕೈಯಲ್ಲಿ. ಅವನು ಓದಿ, ಏನೂ ಕೇಳದೆ ನನ್ನ ಕೈಗೆ ಕೊಟ್ಟು ಒಳಗೆ ಹೋದ.

ನಾಲ್ಕನೇ ದಿನ ಅತ್ತಿಗೆಯ ಫೋನ್. "ಏನಮ್ಮಾ, ತಲಿಗೆ ಏನೋ ಆಗೈತಂತೆ? ಯಾರ್ಯಾರ ಮುಂದೋ ಕುಂತು ಅತ್ತಿಯಂತೆ? ನಮಗ ಹೇಳಬೇಕಿಲ್ಲೇನು?" ಯಾರೋ ಯಾರಿಗೋ ತೋರಿಸಿದ್ದಾರೆ. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ನನಗೆ ನೋವಾಗಿದ್ದು ಅತ್ತಿಗೆಗೆ ಗೊತ್ತಾಯಿತಲ್ಲ ಅಂತಲ್ಲ. ಅವ್ವನ ಬೆನ್ನಿನ ಹುಣ್ಣಿನ ವಿಷಯ ನಾನು ಗಂಡನಿಗೂ ಪೂರ್ತಿ ಹೇಳಿರಲಿಲ್ಲ. ಒಂದು ರಾತ್ರಿ ನಾನು ಏಳದೆ ಮಲಗಿಬಿಟ್ಟಿದ್ದೆ, ಆ ವಾರವೇ ಹುಣ್ಣು ಶುರುವಾಗಿದ್ದು ಅನ್ನುವುದನ್ನು ಆ ಕೋಣೆಯಲ್ಲಿ ಮೊದಲ ಸಲ ಬಾಯಿಬಿಟ್ಟಿದ್ದೆ. ಅದು ಎಷ್ಟು ಜನರ ಬಾಯಿಗೆ ಹೋಗಿದೆಯೋ.

ಕೇಂದ್ರದವರಿಗೆ ಹೇಳಿದೆ. "ನಾವೆಲ್ಲ ಒಂದೇ ಕುಟುಂಬ ಅಲ್ವಾ ಮೇಡಂ" ಅಂದರು. ಉಳಿದ ಮೂರು ಸಲದ ದುಡ್ಡು ವಾಪಸ್ ಕೇಳಿದೆ. ನಿಯಮದಲ್ಲಿ ಇಲ್ಲ ಅಂದರು. ಎರಡನೇ ಸಲ ಹೋದೆ, ಬಾಯಿಂದ ಮಾತೇ ಹೊರಡಲಿಲ್ಲ. ಆಮೇಲೆ ಹೋಗಲಿಲ್ಲ.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ಗುಂಪಿಗೆ ಸೇರುವಾಗ ನಾವೆಲ್ಲ ಫೀಸ್ ಎಷ್ಟು, ಸಮಯ ಏನು ಅಂತ ಕೇಳುತ್ತೇವೆ. ನಾನೂ ಅಷ್ಟೇ ಕೇಳಿದ್ದೆ. ನನ್ನ ನಂಬರ್ ಯಾರ ಕೈಗೆ ಹೋಗುತ್ತದೆ, ಬರುವವರಿಗೆ ವಿಷಯ ಹೇಗೆ ತಿಳಿಸುತ್ತೀರಿ, ಹೊರಗೆ ಮಾತಾಡಿದವರನ್ನು ಏನು ಮಾಡುತ್ತೀರಿ ಅಂತ ಕೇಳಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಿಕಿತ್ಸೆಯ ವಿಷಯ ಗುಟ್ಟಾಗಿಡುವುದು ನಮ್ಮ ಹಕ್ಕು ಅಂತಿದೆ. ಆದರೆ ಅದು ಕಟ್ಟಿಹಾಕುವುದು ಚಿಕಿತ್ಸೆ ಕೊಡುವವರನ್ನು. ಪಕ್ಕದ ಕುರ್ಚಿಯಲ್ಲಿ ಕೂತವರ ಬಾಯಿಗೆ ಆ ಗುಂಪಿನ ಶಿಸ್ತೇ ಕಾವಲು. ಇನ್ನೊಂದು ಸಣ್ಣ ಕೆಲಸ ಇವತ್ತೇ ಮಾಡಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಗ್ರೂಪ್ಸ್ ಅಂತಿದೆ. ಅಲ್ಲಿ 'ಮೈ ಕಾಂಟ್ಯಾಕ್ಟ್ಸ್' ಒತ್ತಿ. ನಿಮ್ಮ ಫೋನ್‌ನಲ್ಲಿ ಹೆಸರಿಲ್ಲದವರು ನಿಮ್ಮನ್ನು ಕೇಳದೆ ಗ್ರೂಪಿಗೆ ಸೇರಿಸಲು ಆಗುವುದಿಲ್ಲ.

ಆನ್‌ಲೈನ್ ಗುಂಪಿನ ಬಗ್ಗೆ ದೂರೇನೂ ಇಲ್ಲ. ಭಾನುವಾರ ರಾತ್ರಿ ಎಂಟಕ್ಕೆ, ಸಲಕ್ಕೆ ₹250. ನಡೆಸುತ್ತಿದ್ದಾಕೆ ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂಫಿಲ್ ಮಾಡಿದವರು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಮೊದಲೇ ಕೊಟ್ಟಿದ್ದರು. ನೀವು ಎಲ್ಲಿಗೇ ಹೋದರೂ, ನಡೆಸುವವರು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ ಆ ಸಂಖ್ಯೆ ಕೇಳಿ. ಮುಚ್ಚುಮರೆ ಇಲ್ಲದವರು ತಕ್ಷಣ ಕೊಡುತ್ತಾರೆ. ಅಲ್ಲಿ ಹೆಸರು ಬದಲಿಸಿಕೊಂಡು ಕೂರಬಹುದಿತ್ತು. ಆ ಒಂದು ವಿಷಯದಲ್ಲಿ ಅದು ಮೂರರಲ್ಲೇ ಮೇಲು.

ನನಗೆ ತೊಡಕಾಗಿದ್ದು ನನ್ನ ಮನೆ. ಎರಡು ಕೋಣೆ, ನಾಲ್ಕು ಜನ. ಮಾಳಿಗೆಗೆ ಹೋಗುತ್ತಿದ್ದೆ. ಮೇ ತಿಂಗಳ ಬಳ್ಳಾರಿ ನಿಮಗೆ ಗೊತ್ತಲ್ಲ, ರಾತ್ರಿ ಎಂಟಕ್ಕೂ ಮಾಳಿಗೆಯ ನೆಲ ಕಾಲಿಗೆ ಬಿಸಿ ತಾಗುತ್ತದೆ. ಪಕ್ಕದ ಮಾಳಿಗೆಯಲ್ಲಿ ಅವರು ಹಾಸಿಗೆ ಹಾಕಿಕೊಂಡು ಕೂತಿರುತ್ತಾರೆ. ಪಿಸುಗುಟ್ಟಿ ಮಾತಾಡಬೇಕು. ಅಲ್ಲಿದ್ದವರ ಕನ್ನಡದಲ್ಲಿ ಟ್ರಿಗರ್, ಬೌಂಡರಿ, ಹೀಲಿಂಗ್ ಜಾಸ್ತಿ. ಅರ್ಥ ಆಗುತ್ತಿತ್ತು, ಆದರೆ ನನ್ನ ಸಂಕಟಕ್ಕೆ ಆ ಪದಗಳು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ಸ್ವಂತ ಕೋಣೆ ಇದ್ದವರಿಗೆ, ಊರಲ್ಲಿ ಯಾರಿಗೂ ಗೊತ್ತಾಗಬಾರದು ಅನ್ನುವವರಿಗೆ ಇದು ಒಳ್ಳೆಯದು. ನಾನು ಐದು ವಾರ ಕೂತು ಬಿಟ್ಟೆ.

ಸರ್ಕಾರಿ ಆಸ್ಪತ್ರೆಗೆ ಹೋಗು ಅಂತ ಹೇಳಿದ್ದು ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಆಕೆ ಇನ್ನೊಂದು ಮಾತು ಹೇಳಿದಳು, ನನಗೆ ಆವರೆಗೆ ಗೊತ್ತೇ ಇರಲಿಲ್ಲ. ದೇಶದ ಜಿಲ್ಲೆಗಳಲ್ಲಿ ಈಗ ನಡೆಯುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೊದಲ ಪ್ರಯೋಗ ನಡೆದದ್ದು ನಮ್ಮ ಬಳ್ಳಾರಿಯಲ್ಲೇ. 1985ರಲ್ಲಿ ನಿಮ್ಹಾನ್ಸ್‌ನವರು ಇಲ್ಲಿಗೆ ಬಂದು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. ಅದನ್ನೇ 'ಬಳ್ಳಾರಿ ಮಾದರಿ' ಅಂತ ಕರೆದು, 1996ರಿಂದ ಬೇರೆ ಜಿಲ್ಲೆಗಳಿಗೆ ಹಬ್ಬಿಸಿದರು. ಗಣಿ, ಧೂಳು, ಬಿಸಿಲು ಅಂತಲೇ ನಮ್ಮೂರನ್ನು ಗುರುತಿಸುತ್ತಾರೆ. ಈ ಗುರುತೂ ಇದೆ ಅಂತ ತಿಳಿದು ನನಗೆ ನಿಜಕ್ಕೂ ಹೆಮ್ಮೆ ಆಯಿತು.

ಆದರೂ ಮೊದಲ ದಿನ 'ಮಾನಸಿಕ ರೋಗ ವಿಭಾಗ' ಅನ್ನುವ ಬೋರ್ಡಿನ ಕೆಳಗಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದೆ. ಚೀಟಿ ಮಾಡಿಸಬೇಕು, ಸರದಿ ಕಾಯಬೇಕು, ಮೊದಲು ಮನೋವೈದ್ಯರು ನೋಡಬೇಕು. ಎರಡೂವರೆ ತಾಸು ಹಿಡಿಯಿತು. ಡಾಕ್ಟರ್ ರಕ್ತ ಪರೀಕ್ಷೆ ಬರೆದರು, ಥೈರಾಯ್ಡ್ ತೊಂದರೆ ಇದ್ದರೂ ಹೀಗೆ ಮಂಕು ಕವಿಯಬಹುದಂತೆ. ಸ್ವಲ್ಪ ದಿನ ಮಾತ್ರೆ ಕೊಟ್ಟರು. ಆಮೇಲೆ ಗುಂಪು ನಡೆಸುವ ಕೌನ್ಸೆಲರ್ ಮೇಡಂ ಹತ್ತಿರ ಕಳಿಸಿದರು. ಖಾಸಗಿ ಕೇಂದ್ರದಲ್ಲಿ ಈ ತಪಾಸಣೆ ಯಾವುದೂ ಇರಲಿಲ್ಲ. ನೇರ ಕುರ್ಚಿಗೆ ಕೂರಿಸಿದ್ದರು.

ಗುಂಪಿನ ಕೋಣೆ ಚಿಕ್ಕದು. ಫ್ಯಾನ್ ಕಿರ್‌ಗುಡುತ್ತದೆ. ಪ್ಲಾಸ್ಟಿಕ್ ಕುರ್ಚಿಗಳನ್ನು ನಾವೇ ಸುತ್ತಲೂ ಹಾಕಿಕೊಳ್ಳುತ್ತೇವೆ. ಒಳಗೆ ಬಂದವರು ಮೊಬೈಲ್ ಆಫ್ ಮಾಡಿ ಮೇಜಿನ ಮೇಲೆ ಬೋರಲು ಇಡಬೇಕು. ಮೇಡಂ ಪ್ರತಿ ಸಲವೂ, ಹಳಬರೇ ಇದ್ದರೂ, "ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಹೋಗಬೇಕು" ಅಂತ ಹೇಳಿ ಒಬ್ಬೊಬ್ಬರಿಂದಲೂ ಹೂಂ ಅನ್ನಿಸಿಕೊಳ್ಳುತ್ತಾರೆ. ವಾಟ್ಸಾಪ್ ಗ್ರೂಪ್ ಇಲ್ಲ. ಹಿಂದಿನ ದಿನ ಆಸ್ಪತ್ರೆಯಿಂದ ಒಬ್ಬೊಬ್ಬರಿಗೂ ಬೇರೆ ಬೇರೆ ಫೋನ್ ಬರುತ್ತದೆ. ಅಷ್ಟೇ.

ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಹೋಗುತ್ತದೆ, ಉರ್ದುವಿಗೆ ಹೋಗುತ್ತದೆ. ಬಳ್ಳಾರಿಯವರಿಗೆ ಇದೇನು ಹೊಸದಲ್ಲ. ಯಾರೂ "ಕನ್ನಡದಲ್ಲಿ ಹೇಳಿ" ಅನ್ನುವುದಿಲ್ಲ.

ಮೂರನೇ ಸಲ ನಾನು ಎರಡು ಗಂಟೆಯ ಎಚ್ಚರದ ಬಗ್ಗೆ ಹೇಳಿದೆ. ಎದುರಿಗೆ ಕೂತಿದ್ದ ಹಿರಿಯರು, ಕೆಲಸದಿಂದ ನಿವೃತ್ತರಾದವರು, ತಲೆ ಎತ್ತಿ ನೋಡಿದರು. "ನನಗೂ ಹಂಗೇ ಇತ್ತಮ್ಮ. ನಮ್ಮಾಕೆಗೆ ಮೂಗಿನ ನಳಿಗೆಯಲ್ಲಿ ಊಟ ಹಾಕ್ತಿದ್ದೆ. ಹೋದ ಮೇಲೂ ಮಧ್ಯಾಹ್ನ ಮೂರಕ್ಕೆ ಮಿಕ್ಸಿ ಹತ್ರ ಹೋಗಿ ನಿಲ್ತಿದ್ದೆ. ಆರು ತಿಂಗಳು ಹಿಡೀತು." ಅವರನ್ನು ಕೇಳಿ, ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆ ದಿನ ಮನೆಗೆ ಬಂದು ಗಂಡನಿಗೆ ಹುಣ್ಣಿನ ವಿಷಯ ನಾನೇ ಹೇಳಿದೆ. ಈಗ ರಾತ್ರಿ ಎರಡಕ್ಕೆ ಎಚ್ಚರ ಆದರೂ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇನೆ. ನಾಲ್ಕರ ಎಚ್ಚರ ಪೂರ್ತಿ ನಿಂತಿದೆ.

ಕೊರತೆ ಇಲ್ಲ ಅಂತಲ್ಲ. ಮೇಡಂ ಶಿಬಿರಕ್ಕೆ ಹೋದ ವಾರ ಗುಂಪು ಇರುವುದಿಲ್ಲ. ಹೀಗೆ ಮೂರು ಸಲ ಆಗಿದೆ. ಸಮಯ ಕೆಲಸದ ವೇಳೆಯಲ್ಲಿದೆ. ದಿನಗೂಲಿಯವರಿಗೆ ಇದು ಭಾರಿ ಕಷ್ಟ, ಸಂಜೆ ಒಂದು ಗುಂಪು ಇಟ್ಟರೆ ಎಷ್ಟೋ ಜನ ಬರುತ್ತಾರೆ. ಉಚಿತ ಅಂದರೂ ನನಗೆ ಅರ್ಧ ದಿನದ ಸಂಬಳ ₹270 ಹೋಗುತ್ತದೆ. ತಿಂಗಳಿಗೆ ಎರಡು ಸಲ ಅಂದರೆ ₹540, ಮೇಲೆ ಆಟೋ. ಆನ್‌ಲೈನ್‌ಗೆ ತಿಂಗಳಿಗೆ ಸಾವಿರ, ಖಾಸಗಿಗೆ ಸಾವಿರದ ಆರುನೂರು. ನನ್ನ ಲೆಕ್ಕಕ್ಕೆ ಇದೇ ವರ್ಷಗಟ್ಟಲೆ ನಡೆಸಿಕೊಂಡು ಹೋಗಲು ಆಗುವುದು. ನಿಮ್ಮದು ಸಂಜೆ ಮಾತ್ರ ಬಿಡುವಿರುವ ಕೆಲಸ, ಕೈಯಲ್ಲಿ ಸ್ವಲ್ಪ ದುಡ್ಡಿದೆ ಅಂದರೆ ಖಾಸಗಿ ಕಡೆಯೇ ಸರಿಹೋಗಬಹುದು. ಮೇಲೆ ಹೇಳಿದ ಪ್ರಶ್ನೆಗಳನ್ನು ಮಾತ್ರ ದುಡ್ಡು ಕಟ್ಟುವ ಮೊದಲೇ ಕೇಳಿ.

ಸಿರುಗುಪ್ಪ, ಸಂಡೂರು ಕಡೆಯವರು ಬಳ್ಳಾರಿಗೆ ಬರುವ ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ವಿಚಾರಿಸಿ. ಮನೋಚೈತನ್ಯ ಅನ್ನುವ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕಿಗೆ ಬಂದು ನೋಡುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಮಾಡಿದೆ. ಮನೆಯವರ ಕುಡಿತದಿಂದ ಬೇಯುತ್ತಿರುವವರಿಗೆ ಅಲ್-ಅನಾನ್ ಅಂತ ಬೇರೆಯೇ ಗುಂಪುಗಳಿವೆ, ಅದು 1951ರಿಂದ ನಡೆದು ಬಂದಿದೆ, ಫೀಸ್ ಇಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ಮಾತಾಡಿಕೊಳ್ಳಬಹುದಲ್ಲ ಅಂತ ಕೆಲವರು ಕೇಳಿದರು. ನಾನು ಆ ಸಂಘದಲ್ಲೂ ಇದ್ದೇನೆ. ಅಲ್ಲಿ ಸಾಲದ ಕಂತಿನ ಲೆಕ್ಕ ಇರುತ್ತದೆ, ಹಾಗಾಗಿ ನನಗೆ ಅಲ್ಲಿ ಅಳಲು ಆಗುವುದಿಲ್ಲ.

ಮಾಲೀಕರ ಹತ್ತಿರ ಮೊನ್ನೆ ಮಾತಾಡಿದೆ. ಎಲ್ಲಿಗೆ ಹೋಗುತ್ತೇನೆ ಅನ್ನುವುದನ್ನೂ ಮುಚ್ಚಿಡದೆ ಹೇಳಿದೆ. ಗುರುವಾರ ಹೋದ ಅರ್ಧ ದಿನವನ್ನು ಭಾನುವಾರ ಬೆಳಿಗ್ಗೆ ಬಂದು ತುಂಬಿಕೊಡುತ್ತೇನೆ, ಸಂಬಳ ಹಿಡಿಯಬೇಡಿ ಅಂತ ಕೇಳಿಕೊಂಡೆ. ದಸರಾ, ದೀಪಾವಳಿ ಆರ್ಡರ್ ಇರುವ ತಿಂಗಳು ಬಿಟ್ಟು ಉಳಿದ ತಿಂಗಳಿಗೆ ಒಪ್ಪಿದ್ದಾರೆ.