ಸ್ತುತಿಯಿಂದ ವಿಜ್ಞಾಪನೆಯವರೆಗೆ: ನಾಲ್ಕು ಹಂತಗಳ ಪ್ರಾರ್ಥನಾ ಹಾಳೆಯ ವಿಮರ್ಶೆ

ಗುಂಪಾಗಿ ಕೂಡಿ ಪ್ರಾರ್ಥಿಸುವ ಕ್ರೈಸ್ತರಿಗೆಂದು ಸಿದ್ಧಪಡಿಸಿದ ಒಂದು ಪುಟದ ಪ್ರಾರ್ಥನಾ ಹಾಳೆಯನ್ನೂ ಅದನ್ನು ಅನುಸರಿಸಿ ನಡೆಯುವ ಒಂದು ಗಂಟೆಯ ಕೂಟವನ್ನೂ ಒಟ್ಟಿಗೆ ಇಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹಾಳೆಯನ್ನಷ್ಟೇ ನೋಡಿದವರಿಗೆ ಅದರಲ್ಲಿ ವಿಶೇಷವೇನೂ ಕಾಣದು. ಸ್ತುತಿ, ಪಾಪದ ಅರಿಕೆ, ಕೃತಜ್ಞತಾಸ್ತುತಿ, ವಿಜ್ಞಾಪನೆ (ಇತರರಿಗಾಗಿ ಬೇಡುವುದು) ಎಂಬ ನಾಲ್ಕು ಶೀರ್ಷಿಕೆಗಳು, ಅವುಗಳ ಕೆಳಗೆ ಸತ್ಯವೇದದ (ಬೈಬಲಿನ) ಕೆಲವು ವಚನಗಳು, ಬರೆದುಕೊಳ್ಳಲು ಒಂದಿಷ್ಟು ಖಾಲಿ ಜಾಗ, ಇಷ್ಟೇ. ಈ ಕ್ರಮವನ್ನು ಅನೇಕರು ಅರಿತದ್ದು 1984ರಲ್ಲಿ ಫರ್ನ್ ನಿಕೋಲ್ಸ್ ಎಂಬ ತಾಯಿ ಕೆನಡಾದಲ್ಲಿ ಆರಂಭಿಸಿದ, ಮಕ್ಕಳಿಗಾಗಿಯೂ ಅವರ ಶಾಲೆಗಳಿಗಾಗಿಯೂ ಪ್ರಾರ್ಥಿಸುವ ತಾಯಂದಿರ ಗುಂಪುಗಳ ಮೂಲಕ. ಆದರೆ ಈ ಕ್ರಮ ತಾಯಂದಿರಿಗೆ ಮಾತ್ರ ಮೀಸಲಾದದ್ದಲ್ಲ; ಯುವಜನರ ಕೂಟಕ್ಕೂ ಸಭೆಯ ಹಿರಿಯರ ಕೂಟಕ್ಕೂ ಇದು ಅಷ್ಟೇ ಚೆನ್ನಾಗಿ ಒದಗುತ್ತದೆ.

ಈ ಹಾಳೆಯ ನಿಜವಾದ ಗುಣ ಇರುವುದು ಅದು ನಮ್ಮ ಬೇಡಿಕೆಗಳನ್ನು ಕೊನೆಯವರೆಗೆ ತಡೆದು ನಿಲ್ಲಿಸುವುದರಲ್ಲಿ. ಸಾಮಾನ್ಯವಾಗಿ ಪ್ರಾರ್ಥನಾ ಕೂಟಗಳು ‘ಪ್ರಾರ್ಥನಾ ವಿಷಯಗಳೇನಾದರೂ ಇವೆಯೇ?’ ಎಂಬ ಪ್ರಶ್ನೆಯಿಂದ ಶುರುವಾಗುತ್ತವೆ. ಒಬ್ಬರು ತಮ್ಮ ಮನೆಯ ಕಾಯಿಲೆಯ ವಿವರ ಹೇಳುತ್ತಾರೆ, ಇನ್ನೊಬ್ಬರು ಅಂಥದ್ದೇ ಕಾಯಿಲೆಗೆ ಯಾವ ವೈದ್ಯರು ಒಳ್ಳೆಯವರೆಂದು ಸಲಹೆ ಕೊಡುತ್ತಾರೆ, ಮಾತಿಗೆ ಮಾತು ಬೆಳೆದು, ದೇವರೊಡನೆ ಮಾತನಾಡಲು ಉಳಿಯುವುದು ಕೊನೆಯ ಕೆಲವೇ ನಿಮಿಷ. ಇಲ್ಲಿ ಹಾಗಾಗಲು ಆಸ್ಪದವಿಲ್ಲ. ವಿಷಯಗಳನ್ನು ಮೊದಲು ಹೇಳಿಕೊಳ್ಳುವ ಪದ್ಧತಿಯೇ ಇಲ್ಲದಿರುವುದರಿಂದ, ಏನನ್ನು ಹೇಳಬೇಕಾದರೂ ಅದನ್ನು ಪ್ರಾರ್ಥನೆಯಲ್ಲೇ, ದೇವರನ್ನೇ ಸಂಬೋಧಿಸಿ ಹೇಳಬೇಕಾಗುತ್ತದೆ.

ಸ್ತುತಿಯ ಹಂತಕ್ಕೆ ಆ ವಾರ ದೇವರ ಒಂದೇ ಒಂದು ಗುಣವನ್ನು ಆರಿಸಿಕೊಳ್ಳಲಾಗುತ್ತದೆ. ಆತನ ನಂಬಿಗಸ್ತಿಕೆಯನ್ನು ಆರಿಸಿಕೊಂಡಿದ್ದರೆ ಧರ್ಮೋಪದೇಶಕಾಂಡ 7:9, ಪ್ರಲಾಪಗಳು 3:22-23, 89ನೆಯ ಕೀರ್ತನೆ ಮುಂತಾದವು ಹಾಳೆಯಲ್ಲಿರುತ್ತವೆ. ಒಬ್ಬರು ವಚನವನ್ನು ಓದಿ, ಅದರಲ್ಲಿ ಕಂಡದ್ದನ್ನು ಎರಡು ಮೂರು ವಾಕ್ಯಗಳಲ್ಲಿ ದೇವರಿಗೆ ಹೇಳುತ್ತಾರೆ, ಮತ್ತೊಬ್ಬರು ಅದನ್ನೇ ಮುಂದುವರಿಸುತ್ತಾರೆ. ಕೇಳಲು ಸುಲಭವೆನಿಸಿದರೂ ಆರಂಭದಲ್ಲಿ ಎಲ್ಲರೂ ತಡವರಿಸುವುದು ಇಲ್ಲಿಯೇ, ಏಕೆಂದರೆ ‘ಮಗನಿಗೆ ಕೆಲಸ ಕೊಟ್ಟದ್ದಕ್ಕಾಗಿ ಸ್ತೋತ್ರ’ ಎನ್ನುವುದು ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ನಮಗೇನು ಸಿಕ್ಕಿತೆಂಬುದನ್ನು ಬಿಟ್ಟು ದೇವರು ಯಾರೆಂಬುದನ್ನು ಮಾತ್ರ ಹೇಳಲು ಹೊರಟಾಗ ಮಾತೇ ಸಿಗುವುದಿಲ್ಲ. ಹಾಳೆಯಲ್ಲಿ ಅಚ್ಚಾದ ವಚನಗಳು ಆ ಕೊರತೆಯನ್ನು ತುಂಬಿಕೊಡುತ್ತವೆ. ಹೊಸಬರಿಗೆ, ಅದರಲ್ಲೂ ಎಲ್ಲರೆದುರು ಬಾಯಿಬಿಟ್ಟು ಪ್ರಾರ್ಥಿಸಲು ಸಂಕೋಚಪಡುವವರಿಗೆ, ವಚನವನ್ನು ಓದಿ ಆಮೆನ್ ಎಂದರೂ ಸಾಕೆಂಬ ಧೈರ್ಯ ಸಿಗುತ್ತದೆ.

ಪಾಪದ ಅರಿಕೆ ಸ್ತುತಿಯ ನಂತರ ಬರುವುದು ಬಹಳ ಯೋಚಿಸಿ ಮಾಡಿದ ಜೋಡಣೆ. ಯೆಶಾಯನ 6ನೆಯ ಅಧ್ಯಾಯದಲ್ಲಿ ಪ್ರವಾದಿಯು ದೇವರ ಪರಿಶುದ್ಧತೆಯನ್ನು ಕಂಡ ಮೇಲೆಯೇ ತನ್ನ ತುಟಿಗಳ ಅಶುದ್ಧತೆಯನ್ನು ಒಪ್ಪಿಕೊಳ್ಳುತ್ತಾನೆ. ನೆಹೆಮೀಯನ ಮೊದಲ ಅಧ್ಯಾಯದ ಪ್ರಾರ್ಥನೆಯೂ ದಾನಿಯೇಲನ 9ನೆಯ ಅಧ್ಯಾಯದ ಪ್ರಾರ್ಥನೆಯೂ ದೇವರ ಮಹತ್ವವನ್ನು ಮೊದಲು ಹೇಳಿ, ಅನಂತರ ಪಾಪವನ್ನು ಅರಿಕೆಮಾಡಿ, ಆಮೇಲೆ ಬಿನ್ನಹಕ್ಕೆ ತೊಡಗುತ್ತವೆ. ಆದರೂ ಈ ಹಂತವನ್ನು ಹಾಳೆ ನಡೆಸುವ ರೀತಿಯ ಬಗ್ಗೆ ನನಗೆ ತಕರಾರಿದೆ. ಇದು ಪೂರ್ತಿಯಾಗಿ ಮೌನದ ಹಂತ. ಪ್ರತಿಯೊಬ್ಬರೂ ತಮ್ಮ ತಮ್ಮ ಪಾಪವನ್ನು ಮನಸ್ಸಿನಲ್ಲೇ ದೇವರಿಗೆ ಒಪ್ಪಿಸುತ್ತಾರೆ. ವೈಯಕ್ತಿಕ ಪಾಪಗಳನ್ನು ಗುಂಪಿನ ಮುಂದೆ ಬಿಚ್ಚಿಡಬೇಕೆಂದು ಯಾರನ್ನೂ ಒತ್ತಾಯಿಸಬಾರದು, ಆ ಎಚ್ಚರಿಕೆ ಸರಿಯಾದದ್ದೇ. ಆದರೆ ದಾನಿಯೇಲನು ಒಬ್ಬನೇ ಪ್ರಾರ್ಥಿಸುತ್ತಿದ್ದಾಗಲೂ ‘ನಾವು ಪಾಪ ಮಾಡಿದ್ದೇವೆ’ ಎಂದು ಬಹುವಚನದಲ್ಲಿ ಬೇಡಿಕೊಂಡನು. ನೆಹೆಮೀಯ 9ರಲ್ಲಿ ಇಡೀ ಜನವೇ ಎದ್ದು ನಿಂತು ದಿನದ ನಾಲ್ಕನೆಯ ಒಂದು ಭಾಗವನ್ನು ಪಾಪದ ಅರಿಕೆಗೂ ಆರಾಧನೆಗೂ ಮೀಸಲಿಟ್ಟಿತು. ಆಂಗ್ಲಿಕನ್ ಸಭೆಯ ಪ್ರಾರ್ಥನಾ ಕ್ರಮದಲ್ಲಿಯೂ ಎಲ್ಲರೂ ಒಕ್ಕೊರಲಿನಿಂದ ಹೇಳುವ ಪಾಪದ ಅರಿಕೆಯನ್ನು 1552ರಲ್ಲಿ ಬೆಳಗಿನ ಆರಾಧನೆಗೆ ಸೇರಿಸಲಾಯಿತು. ಗುಂಪಾಗಿ ನಾವು ತೋರಿದ ಉದಾಸೀನ, ಸಭೆಯಾಗಿ ನಾವು ಕಡೆಗಣಿಸಿದ ಬಡವರು, ನಮ್ಮೊಳಗಿನ ಮೇಲುಕೀಳಿನ ಭಾವನೆ, ಇವು ಮೌನದಲ್ಲಿ ಯಾರ ಪಾಲಿಗೂ ಬರದೆ ಜಾರಿಹೋಗುತ್ತವೆ. ಮೌನದ ಬಳಿಕ ಎಲ್ಲರೂ ಸೇರಿ ಹೇಳುವ ಒಂದು ಚಿಕ್ಕ ಅರಿಕೆಯನ್ನೂ, ಕ್ಷಮೆಯ ಭರವಸೆಗಾಗಿ ಗಟ್ಟಿಯಾಗಿ ಓದುವ 1 ಯೋಹಾನ 1:9ನ್ನೂ ಸೇರಿಸಿದರೆ ಈ ಹಂತ ಪೂರ್ಣವಾಗುತ್ತದೆ. ಅದಿಲ್ಲದಿದ್ದರೆ ಮುಖಂಡರು ಗಂಟಲು ಸರಿಮಾಡಿಕೊಂಡು ಮುಂದಿನ ಹಂತಕ್ಕೆ ಹೋಗುತ್ತಾರೆ, ಕ್ಷಮೆ ಸಿಕ್ಕಿತೆಂಬ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಕೃತಜ್ಞತಾಸ್ತುತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಂದಿನ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಂಡ ಗುಂಪುಗಳಿಗೆ ಇದು ಬಹಳ ಫಲಕೊಡುವ ಹಂತ; ಬೇಡಿದ್ದರ ಪಕ್ಕದಲ್ಲಿ ಉತ್ತರ ಬಂದ ದಿನಾಂಕವನ್ನು ಬರೆದಿಡುವ ರೂಢಿ ಇದ್ದರೆ ಧನ್ಯವಾದ ಹೇಳುವುದನ್ನು ಯಾರೂ ಮರೆಯುವುದಿಲ್ಲ.

ವಿಜ್ಞಾಪನೆಯಲ್ಲಿ ಈ ಪದ್ಧತಿಯ ಕಸುಬುದಾರಿಕೆ ಕಾಣುತ್ತದೆ. ಒಂದು ಸಲಕ್ಕೆ ಒಂದೇ ವಿಷಯ ಎಂಬುದು ಇಲ್ಲಿನ ನಿಯಮ. ಒಬ್ಬ ತಾಯಿ ‘ಕರ್ತನೇ, ನನ್ನ ಮಗಳು ಶಾಲೆಯಲ್ಲಿ ಒಂಟಿಯಾಗಿದ್ದಾಳೆ, ಅವಳಿಗೆ ಒಬ್ಬ ಗೆಳತಿಯನ್ನು ಕೊಡು’ ಎಂದು ಬೇಡಿದರೆ, ಪಕ್ಕದಲ್ಲಿರುವವರು ತಮ್ಮ ವಿಷಯಕ್ಕೆ ಹಾರದೆ ಅದೇ ಹುಡುಗಿಗಾಗಿ ಬೇಡುತ್ತಾರೆ, ಮೂರನೆಯವರು ಅವಳ ಶಿಕ್ಷಕಿಯನ್ನು ಸೇರಿಸಿ ಬೇಡುತ್ತಾರೆ, ಆ ಹುಡುಗಿಗಾಗಿ ಹೇಳಬೇಕಾದದ್ದೆಲ್ಲ ಮುಗಿಯಿತೆಂದು ಅನಿಸಿದ ಮೇಲೆಯೇ ಮುಂದಿನ ಹೆಸರು ಬರುತ್ತದೆ. ಒಬ್ಬರೇ ಹತ್ತು ನಿಮಿಷ ಪ್ರಾರ್ಥಿಸಿ ಉಳಿದವರು ಆಗಾಗ ಆಮೆನ್ ಎನ್ನುವ ಕೂಟಗಳಿಗೂ ಇದಕ್ಕೂ ಅಜಗಜಾಂತರ. ತನ್ನ ಮಗಳ ಹೆಸರನ್ನು ಬೇರೊಬ್ಬರು ಭಾರದಿಂದ ದೇವರ ಮುಂದೆ ಹೇಳುವುದನ್ನು ಕೇಳಿಸಿಕೊಳ್ಳುವ ತಾಯಿಗೆ ಆಗುವ ಆದರಣೆ ದೊಡ್ಡದು. ಅಲ್ಲಿ ಕೇಳಿದ ಮಾತು ಹೊರಗೆ ಹೋಗಬಾರದೆಂಬ ಕಟ್ಟುಪಾಡು ಇದರ ಜೊತೆಯಲ್ಲೇ ಇದೆ. ಅದನ್ನು ಒಮ್ಮೆ ಮುರಿದ ಗುಂಪಿನಲ್ಲಿ ಮತ್ತೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಇದೇ ಹಂತದಲ್ಲಿ ವಚನದೊಳಗೆ ಹೆಸರನ್ನು ಸೇರಿಸಿ ಬೇಡುವ ಅಭ್ಯಾಸವೂ ಇದೆ. ಕೊಲೊಸ್ಸೆ 1:9-10ರಂಥ ವಚನಗಳಿಗೆ ಅದು ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅದು ಪೌಲನು ವಿಶ್ವಾಸಿಗಳಿಗಾಗಿ ಮಾಡಿದ ವಿಜ್ಞಾಪನೆಯೇ ಆಗಿದೆ. ಆದರೆ ವಚನಗಳನ್ನು ಆರಿಸುವವರು ಹುಷಾರಾಗಿರಬೇಕು. ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ವಾಗ್ದಾನ ಮಾಡುವ ಯೆರೆಮೀಯ 29:11 ಬಾಬೆಲಿಗೆ ಸೆರೆಹೋದ ಜನರಿಗೆ ಬರೆದ ಪತ್ರದ ಮಾತು, ಅದರ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷಗಳ ಕಾಯುವಿಕೆಯ ಉಲ್ಲೇಖವಿದೆ. ಅದನ್ನು ಬಿಟ್ಟು, ಪರೀಕ್ಷೆ ಬರೆಯುವ ಹುಡುಗನ ಹೆಸರನ್ನು ಆ ವಾಗ್ದಾನದೊಳಗೆ ಇಟ್ಟು ಓದಿದರೆ, ದೇವರು ಕೊಡದ ಮಾತನ್ನು ನಾವೇ ಆತನ ಬಾಯಿಂದ ಹೇಳಿಸಿದಂತಾಗುತ್ತದೆ. ಹುಡುಗ ಪರೀಕ್ಷೆಯಲ್ಲಿ ಸೋತರೆ ಪೆಟ್ಟು ಬೀಳುವುದು ಅವನ ವಿಶ್ವಾಸಕ್ಕೆ.

ಈ ಕ್ರಮವನ್ನೇ ಕಟ್ಟಳೆಯೆಂದು ಹಿಡಿಯುವವರಿಗೂ ಒಂದು ಮಾತು ಹೇಳಬೇಕು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರದ ಬೇಡಿಕೆ ಮೊದಲು ಬಂದು, ಕ್ಷಮೆಯ ಬೇಡಿಕೆ ಅದರ ನಂತರ ಬರುತ್ತದೆ. ಅಪೊಸ್ತಲರ ಕೃತ್ಯಗಳು 4ರಲ್ಲಿ ಬೆದರಿಕೆಗೆ ಒಳಗಾದ ವಿಶ್ವಾಸಿಗಳು ಸೃಷ್ಟಿಕರ್ತನನ್ನು ಕೊಂಡಾಡಿ ನೇರವಾಗಿ ಧೈರ್ಯವನ್ನು ಬೇಡಿದರು. ಅಲ್ಲಿ ಪಾಪದ ಅರಿಕೆಯ ಹಂತವೇ ಇಲ್ಲ. ಕೂಟಕ್ಕೆ ಬಂದವರಲ್ಲಿ ಒಬ್ಬರ ಮನೆಯಲ್ಲಿ ಅದೇ ದಿನ ಸಾವು ಸಂಭವಿಸಿದ್ದರೆ, ಹಾಳೆಯನ್ನು ಪಕ್ಕಕ್ಕಿಟ್ಟು ಅವರಿಗಾಗಿ ವಿಜ್ಞಾಪಿಸುವುದೇ ಸರಿ.

ಒಟ್ಟಾಗಿ ಪ್ರಾರ್ಥಿಸಲು ಬಯಸಿಯೂ ಹೇಗೆಂದು ತಿಳಿಯದ ಚಿಕ್ಕ ಗುಂಪುಗಳಿಗೆ ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ದೊಡ್ಡ ಸಭೆಯಲ್ಲಿ ಇದನ್ನು ಹಾಗೆಯೇ ಬಳಸಿದರೆ ಕೆಲವರು ಮಾತ್ರ ಪ್ರಾರ್ಥಿಸಿ ಉಳಿದವರು ಕೇಳುಗರಾಗುತ್ತಾರೆ. ಅಲ್ಲಿ ಸ್ತುತಿಯನ್ನೂ ಪಾಪದ ಅರಿಕೆಯನ್ನೂ ಎಲ್ಲರೂ ಕೂಡಿ ಮುಗಿಸಿ, ಉಳಿದ ಎರಡು ಹಂತಗಳಿಗೆ ಮೂವರು ನಾಲ್ವರ ಗುಂಪುಗಳಾಗಿ ಕುಳಿತುಕೊಳ್ಳುವುದು ಉತ್ತಮ. ಸಮಯದ ಮೇಲೆ ಕಣ್ಣಿಡುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಿ, ಗಂಟೆಯ ಅರ್ಧದಷ್ಟನ್ನಾದರೂ ವಿಜ್ಞಾಪನೆಗೆ ಉಳಿಸಿಕೊಳ್ಳಿ.