ಗಂಗಾವತ್ಯಾಗ ಮಾಡಿಸಿದ ಬಂದೂಕಿನ ತಿಜೂರಿ: ವರ್ಷದ ಮ್ಯಾಲೆ ಬಳಸಿ ಬರೆದ ರಿವ್ಯೂ

2024ರ ಶ್ರಾವಣದಾಗ ಗಂಗಾವತ್ಯಾಗ ಒಂದು ಫ್ಯಾಬ್ರಿಕೇಶನ್ ಅಂಗಡ್ಯಾಗ ನಮ್ಮಪ್ಪನ ಬಂದೂಕಿಗೆ ಅಂತ ಒಂದು ಕಬ್ಬಿಣದ ತಿಜೂರಿ ಮಾಡಿಸಿದ್ವಿ. ಅಂಗಡಿ ಹೆಸರು ಹಾಕಂಗಿಲ್ಲ, ಅವರ ಕಡಿಂದ ಒಂದು ತಪ್ಪಾಗೈತಿ, ಸರಿ ಮಾಡಿಕೊಡ್ತೀನಿ ಅಂದಾರ, ಈಗ ಹೆಸರು ಹಾಕಿ ಮರ್ಯಾದಿ ತಗಿಯೋದು ಬ್ಯಾಡ ಅಂತ. ಅವರ ಕೆಲಸ ಅಂದ್ರ ರೈಸ್ ಮಿಲ್ಲಿಗೆ ಎಲಿವೇಟರ್, ಹಾಪರ್ ಮಾಡೋದು, ಇಂಥಾ ತಿಜೂರಿ ನಂದ ಮೊದಲನೇದಂತ.

ನಮ್ಮದು ಕನಕಗಿರಿ ಕಡೆ ಒಣಬೇಸಾಯದ ಊರು. ಶೇಂಗಾ, ಸಜ್ಜಿ, ಮೆಕ್ಕೆಜೋಳ. ಗುಡ್ಡದ ಸೆರಗಿಗೆ ಹೊಲ ಇದ್ದೋರಿಗೆ ಹಂದಿ ಕಾಟ ಹೇಳೋದ ಬ್ಯಾಡ, ಒಮ್ಮೊಮ್ಮೆ ಕರಡಿನೂ ಬರ್ತಾವ. ಅಪ್ಪಗ ಬೆಳಿ ಕಾಯಾಕ ಅಂತ ಲೈಸೆನ್ಸ್ ಐತಿ, 12 ಬೋರ್ ಡಬಲ್ ಬ್ಯಾರಲ್, ಅಂದ್ರ ಎರಡು ನಳಿಗಿ ಬಂದೂಕ. ವರ್ಷಕ್ಕ ನಾಕೈದು ರಾತ್ರಿ ಮ್ಯಾಲಕ್ಕ ಹಾರಿಸಿ ಸಪ್ಪಳ ಮಾಡ್ತಾನ ಅಷ್ಟ, ಉಳಿದ ದಿನಾ ಎಲ್ಲಾ ಅದು ಪಡಸಾಲಿ ಗೂಟಕ್ಕ ನೇತಾಡ್ತಿತ್ತು, ತೋಟಾ (ಕಾರ್ತೂಸು) ಚೀಲಾನೂ ಅದ ಗೂಟಕ್ಕ. ಕೇಳಿದ್ರ "ಗೂಟ ಎತ್ತರ ಐತಿ, ಹುಡುಗ್ರಿಗೆ ನಿಲುಕಂಗಿಲ್ಲ, ನೀವೂ ಅದರ ಕೆಳಗ ಆಡಿ ದೊಡ್ಡೋರಾಗೀರಿ, ಏನಾತು?" ಅನ್ನಾಂವ.

ಎಲೆಕ್ಷನ್ ಬಂದ್ರ ನಮ್ಮ ಕಡೆ ಬಂದೂಕ ಸ್ಟೇಷನ್ನಿಗೆ ಜಮಾ ಮಾಡಸ್ತಾರಲ್ರಿ, 2024ರ ಲೋಕಸಭಾ ಎಲೆಕ್ಷನ್ನಿಗೆ ಮಾರ್ಚ್ 16ಕ್ಕ ನೀತಿ ಸಂಹಿತೆ ಬಂತು, ಜೂನ್‌ತನಕ ನಮ್ಮ ಬಂದೂಕ ಅಲ್ಲೇ ಇತ್ತು. ವಾಪಸ್ ತಂದ ದಿನ ನಮ್ಮಾಕಿ "ಅಲ್ಲೇ ಇದ್ದಿದ್ರ ಚಲೋ ಇತ್ತು, ಎರಡೂವರೆ ತಿಂಗಳು ನಿದ್ದಿ ಬಂದಿತ್ತು" ಅಂದ್ಲು, ನಾನು ನಕ್ಕು ಬಿಟ್ಟೆ. ಅದಾಗಿ ಹದಿನೈದು ದಿನಕ್ಕ, ಬಿತ್ತನಿ ಶೇಂಗಾ ಚೀಲ ಗೂಟದ ಕೆಳಗ ಒಟ್ಟಿದ್ವಿ, ನಮ್ಮ ತಮ್ಮನ ಮಗ, ಐದು ವರ್ಷದಾಂವ, ಚೀಲ ಹತ್ತಿ ಬಂದೂಕಿನ ಪಟ್ಟಿ ಹಿಡಿದು ಜಗ್ಗ್ಯಾನ. ಬಂದೂಕ, ಚೀಲ, ಹುಡುಗ ಎಲ್ಲಾ ಒಮ್ಮೆಲೆ ಕೆಳಗ. ಲೋಡ್ ಇರಲಿಲ್ಲ. ಆದ್ರ ಅಂವ ಎದ್ದು ಅಳಲಿಲ್ಲ, ಏನೂ ಇಲ್ಲ, ಚೆಲ್ಲಿದ್ದ ತೋಟಾ ಒಂದು ತಗೊಂಡು ಬಾಯಿಗಿಟ್ಟು ಊದಾಕತ್ತಿದ್ದ.

ಯಾಕ ಊದಿದ ಅಂದ್ರ, ಹಾರಿಸಿದ ಖಾಲಿ ತೋಟಾ ನಾವ ಅವನ ಕೈಗೆ ಆಡಾಕ ಕೊಟ್ಟಿದ್ವಿ, ಪೀಪಿ ಊದಿದಂಗ ಊದ್ತಿದ್ದ. ಖಾಲಿದು ಯಾವುದು, ತುಂಬಿದ್ದು ಯಾವುದು ಅವಗೇನ್ ಗೊತ್ತು. ನಿಮ್ಮ ಮನ್ಯಾಗೂ ಹಿಂಗ ಖಾಲಿ ತೋಟಾ ಆಟಿಗಿ ಆಗಿದ್ರ ಇವತ್ತ ಕಸಗೊಳ್ರಿ, ತಿಜೂರಿ ಆಮ್ಯಾಲೆ ತಗೊಳ್ರಿ.

ಆಗ ಹುಡುಕಾಟ ಶುರು ಆತು. ಆನ್‌ಲೈನ್‌ದಾಗ ನಂಬರ್ ಒತ್ತೋ ಡಿಜಿಟಲ್ ಸೇಫ್ ನೋಡಿದೆ, ನನಗ ಸಿಕ್ಕವು ಎಲ್ಲಾ ಪಿಸ್ತೂಲಿನ ಸೈಜ್, ಒಡವಿ ಇಡಾಕ ಸರಿ, 12 ಬೋರ್ ಹಿಡಿಯಂಗಿಲ್ಲ. ಟ್ರಿಗರ್ ಲಾಕ್ ಅಂತ ಬರತೈತಿ, ಟ್ರಿಗರ್ ಗಾರ್ಡಿಗೆ, ಅಂದ್ರ ಟ್ರಿಗರ್ ಸುತ್ತಿನ ಬಳಿಗೆ, ಎರಡೂ ಕಡಿಂದ ಕಚ್ಚೋದು, ಲೋಡ್ ಇದ್ದ ಬಂದೂಕಿಗೆ ಅದನ್ನ ಹಾಕಾಕ ಹೋಗೋದ ಡೇಂಜರ್, ಅದರ ಮ್ಯಾಲೆ ಎತ್ತಿಕೊಂಡು ಹೋಗೋರನ್ನ ಅದು ತಡಿಯಂಗಿಲ್ಲ. ಅಪ್ಪ ಏನಂದ ಅಂದ್ರ "ರೊಕ್ಕ ಯಾಕ ಸುರಿತಿ, ಹುಡುಗ್ರಿಗೆ ಒಮ್ಮೆ ಜೋರಾಗಿ ಬುದ್ಧಿ ಹೇಳು ಸಾಕು". ಅದಕ್ಕ ಉತ್ತರ ನನಗ ಸಿಕ್ಕಿದ್ದು ಅಮೆರಿಕಾದ ಒಂದು ಸ್ಟಡಿಯಾಗ, 2001ರದ್ದು. 8 ರಿಂದ 12 ವರ್ಷದ ಗಂಡು ಹುಡುಗ್ರನ್ನ ಇಬ್ರು ಮೂರು ಮಂದಿ ಗುಂಪು ಮಾಡಿ ಒಂದು ರೂಮ್‌ನ್ಯಾಗ ಬಿಟ್ಟು ಡ್ರಾದಾಗ ನಿಜವಾದ ಪಿಸ್ತೂಲ್ ಇಟ್ಟಿದ್ರು, ಗುಂಡು ಹಾರದಂಗ ಮಾಡಿ, ಟ್ರಿಗರ್ ಒತ್ತಿದ್ರ ಸಿಗ್ನಲ್ ಬರೋ ಹಂಗ. ಪಿಸ್ತೂಲ್ ಸಿಕ್ಕ ಗುಂಪುಗಳಾಗ ಮುಕ್ಕಾಲು ಗುಂಪಿನೋರು ಅದನ್ನ ಕೈಗೆ ತಗೊಂಡ್ರು, ಹತ್ರ ಹತ್ರ ಅರ್ಧ ಗುಂಪಿನ್ಯಾಗ ಒಬ್ಬರಾದ್ರೂ ಟ್ರಿಗರ್ ಎಳೆದ್ರು. ಕೈಗೆ ತಗೊಂಡೋರಾಗ ಭಾಳ ಮಂದಿಗೆ ಮೊದಲ ಬುದ್ಧಿ ಹೇಳಿದ್ದ ಇತ್ತು! ಅಲ್ಲಿನ ಮಕ್ಕಳ ಡಾಕ್ಟರ್ ಸಂಘದವರು, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಅಂತ, ಮನ್ಯಾಗ ಬಂದೂಕ ಇಲ್ಲದಿರೋದ ಎಲ್ಲಕ್ಕಿಂತ ಚಲೋ, ಇಡಲೇಬೇಕಂದ್ರ ಖಾಲಿ ಮಾಡಿ ಕೀಲಿ ಹಾಕಿ ಇಡ್ರಿ, ತೋಟಾ ಬ್ಯಾರೆ ಕಡೆ ಕೀಲಿ ಹಾಕಿ ಇಡ್ರಿ ಅಂತಾರ. ಅಪ್ಪ ಕೇಳಿ "ಅಮೆರಿಕಾದ ಹುಡುಗ್ರು ಹಂಗ ಬಿಡು" ಅಂದ. ಚೀಲ ಹತ್ತಿದ್ದು ನಮ್ಮ ಕನಕಗಿರಿ ಹುಡುಗಲ್ಲೇನಪಾ.

ಈಗ ತಿಜೂರಿಗೆ ಬರ್ತೀನಿ. ಒಳಗ 50 ಇಂಚು ಎತ್ತರ, ಒಂದಡಿ ಅಗಲ, ಒಂದಡಿ ಆಳ. ನಮ್ಮ ಬಂದೂಕ 46 ಇಂಚ್ ಐತಿ. ಬಿಚ್ಚಿ ಇಡೋದಾದ್ರ ಇಷ್ಟು ಎತ್ತರ ಬೇಕಾಗಿಲ್ಲ, ಡಬಲ್ ಬ್ಯಾರಲ್ ಬಂದೂಕ ಮೂರು ತುಂಡಾಗಿ ಬಿಚ್ಚತೈತಿ, ನಳಿಗಿ 30 ಇಂಚ್ ಅಷ್ಟ, ಅದು ಹಿಡಿಯೋ ಸಣ್ಣ ತಿಜೂರಿ ಆದ್ರ ರೊಕ್ಕಾನೂ ಉಳಿತಿತ್ತು. ಇದು ನನಗ ಹೊಳೆದಿದ್ದು ರೊಕ್ಕ ಕೊಟ್ಟ ಮ್ಯಾಲೆ. ಶೀಟ್ 16 ಗೇಜ್, ಅಂದ್ರ ಒಂದೂವರೆ ಎಂಎಂ ಮ್ಯಾಲೆ, ಸೀರಿ ಇಡೋ ಅಲ್ಮೇರಾದ್ದು ಇದರ ಅರ್ಧ ಇದ್ರ ಹೆಚ್ಚು. ಬಾಗಿಲು ಕೈಯಾಗ ಹಿಡಿದು ಅಲುಗಾಡಿಸಿದ್ರ ಬಾಗಂಗಿಲ್ಲ, ಕಬ್ಜಾ ಒಳಗ ಬರೋ ಹಂಗ ವೆಲ್ಡ್ ಮಾಡ್ಯಾರ, ಹೊರಗಿಂದ ಪಿನ್ ಹೊಡೆಯಾಕ ಆಗಂಗಿಲ್ಲ. ವೆಲ್ಡಿಂಗ್‌ಗೆ ಐದಕ್ಕ ಐದು. ಎಲ್ಲಾ ಸೇರಿ 11,500 ಆತು, ಟಂಟಂ ಬಾಡಿಗಿ ಬ್ಯಾರೆ. ಎಂಟು ದಿನ ಅಂದು ಇಪ್ಪತ್ತೆರಡು ದಿನ ತಗೊಂಡ್ರು, ಮಿಲ್ಲಿನ ಕೆಲಸ ಬಂತಂತ, ಇರಲಿ.

ಗ್ವಾಡಿಗೆ ಬಿಗಿಯೋದು ದೊಡ್ಡ ತಲಿನೋವಾತು. ಅವರು ಕೊಟ್ಟಿದ್ದು ಆಂಕರ್ ಬೋಲ್ಟ್, ನಮ್ಮ ಹಳೆ ಮನಿ ಕಲ್ಲು ಮಣ್ಣಿನ ಗ್ವಾಡಿ, ಡ್ರಿಲ್ ಹಾಕಿದ್ರ ಬರೇ ಮಣ್ಣು ಉದುರತೈತಿ, ಬೋಲ್ಟ್ ಗಿರ್ರನ ತಿರಗತೈತಿ. ಕಡಿಗೆ ಹೊಸದಾಗಿ ಕಟ್ಟಿದ ಅಡಗಿಮನಿ ಬಾಜೂಕ ಕಾಂಕ್ರೀಟ್ ಪಿಲ್ಲರ್ ಇತ್ತು, ಅದಕ್ಕ ಬಿಗಿದ್ವಿ. ಬಿಗಿಲಿಲ್ಲಂದ್ರ ಅಷ್ಟೆತ್ತರದ್ದು ಹುಡುಗ್ರು ಜೋತು ಬಿದ್ರ ಮ್ಯಾಲೆ ಬೀಳತೈತಿ, ಅದು ಇನ್ನೊಂದು ಫಜೀತಿ. ಒಳಗ ಅವರು ಸ್ಪಂಜ್ ಅಂಟಿಸಿದ್ರು, ನೋಡಾಕ ಚಂದ, ಮಳಿಗಾಲದಾಗ ತೇವ ಹಿಡಿದು ನಳಿಗಿಗೆ ತುಕ್ಕು ಚುಕ್ಕಿ ಬಂತು. ಕಿತ್ತು ಒಗೆದು ಕಟಗಿ ಪಟ್ಟಿ ಹೊಡೆದೀನಿ.

ಅವರ ತಪ್ಪು ಯಾವುದಂದ್ರ ಕೀಲಿ. ಒಳಗ ತೋಟಾಕ್ಕ ಬ್ಯಾರೆ ಡಬ್ಬಿ ಮಾಡ್ರಿ, ಅದಕ್ಕ ಬ್ಯಾರೆ ಕೀಲಿ ಹಾಕ್ರಿ ಅಂತ ಹೇಳಿ ಹೇಳಿ ಬಂದಿದ್ದೆ. ಹಾಕ್ಯಾರ. ಎರಡು ತಿಂಗಳಿಗೆ ನಮ್ಮಾಕಿ ಕೀಲಿಕೈ ಎರಡೂ ಕೈಯಾಗ ಹಿಡಿದು "ಇದರ ಮ್ಯಾಲಿನ ನಂಬರ್ ಒಂದ ಐತಲ್ರಿ" ಅಂದ್ಲು. ನೋಡಿದ್ರ ಬಾಗಿಲಿನ ಕೀಲಿಕೈ ಡಬ್ಬಿನೂ ತೆಗಿತೈತಿ, ಡಬ್ಬಿದು ಬಾಗಿಲನ್ನೂ ತೆಗಿತೈತಿ! ಟೇಬಲ್ ಡ್ರಾಕ್ಕ ಹಾಕೋ ಸಾದಾ ಕೀಲಿ ಒಂದ ಪ್ಯಾಕೆಟ್‌ಲಿಂದ ಎರಡು ತಗದು ಹಾಕ್ಯಾರ. ಫೋನ್ ಮಾಡಿದ್ರ "ಯಣ್ಣಾ ನಾನೂ ನೋಡಿಲ್ಲ, ಬದಲಿ ಮಾಡಿಕೊಡ್ತೀನಿ" ಅಂದ್ರು, ಪಾಪ ಜಗಳಾ ಮಾಡಲಿಲ್ಲ, ಬರಲೂ ಇಲ್ಲ. ಅಲ್ಲಿತನಕ ತೋಟಾ ನಮ್ಮ ಸ್ಟೀಲ್ ಅಲ್ಮೇರಾದ ಲಾಕರ್‌ನ್ಯಾಗ ಅದಾವ. ನೀವು ಎಲ್ಲೇ ಮಾಡಿಸ್ರಿ, ಅಂಗಡ್ಯಾಗ ನಿಂತ ಒಂದರ ಕೀಲಿಕೈ ಇನ್ನೊಂದಕ್ಕ ಹಾಕಿ ತಿರುವಿ ನೋಡ್ರಿ.

ಕೀಲಿಕೈ ಇಡೋ ಜಾಗದ್ದೂ ಒಂದು ಕಥಿ ಆತು. ಮೊದಲ ದೇವರ ಜಗಲಿ ಮ್ಯಾಲೆ ಬಸವಣ್ಣನ ಫೋಟೋ ಹಿಂದ ಇಟ್ವಿ. ಎಂಟು ದಿನಕ್ಕ ಅದ ಹುಡುಗನ್ನ ಸುಮ್ನ ಕೇಳಿದೆ, ತಿಜೂರಿ ಕೀಲಿಕೈ ಎಲ್ಲೈತೋ ಅಂತ. "ಬಸವಣ್ಣನ ಹಿಂದ್ರೀ ದೊಡ್ಡಪ್ಪ" ಅಂದ. ನನ್ನ ಕಡೆ ಇಟ್ಕೋಬೇಕಂತ ಮಾಡಿದ್ದೆ, ಆದ್ರ ಲೈಸೆನ್ಸ್ ಅಪ್ಪನ ಹೆಸರಿಗೈತಿ, ಲೈಸೆನ್ಸ್ ಇಲ್ಲದ ನಾನು ಅದನ್ನ ಕೈಯಾಗ ಇಟ್ಟುಕೊಂಡಂಗ ಆದ್ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ತೊಡಕು, ಜೋಪಾನ ಮಾಡೋ ಜವಾಬ್ದಾರಿನೂ ಅವಂದ. ಈಗ ಅಪ್ಪ ಕೀಲಿಕೈ ಉಡದಾರಕ್ಕ ಕಟ್ಟಿಕೊಂಡಾನ, ಜಳಕ ಮಾಡುವಾಗೂ ಬಿಚ್ಚಂಗಿಲ್ಲ. ಹುಡುಗ್ರಿಗೆ ಅದೂ ಗೊತ್ತೈತಿ, ಗೊತ್ತಿರಲಿ, ತಾತನ ಉಡದಾರಕ್ಕ ಕೈ ಹಾಕೋ ಧೈರ್ಯ ಮನ್ಯಾಗ ಯಾರಿಗೂ ಇಲ್ಲ.

ಇನ್ನೊಂದು, ಇದಕ್ಕ ಖರ್ಚು ಭಾಳ ಇಲ್ಲ. ಬಂದೂಕ ನಡುವ ಮಡಚಿ ತೆರೆದು, ಖಾಲಿ ಐತಂತ ಎರಡು ಸಲ ನೋಡಿ, ಸೈಕಲ್‌ಗೆ ಹಾಕೋ ಪ್ಲಾಸ್ಟಿಕ್ ಸುತ್ತಿದ ವೈರ್ ಕೀಲಿ ಇರತೈತಲ್ಲ, ಅದನ್ನ ನಳಿಗ್ಯಾಗ ತೂರಿಸಿ ಹೊರಗ ತಗದು ಹಾಕಿಬಿಡ್ರಿ. ಬಂದೂಕ ಮುಚ್ಚಾಕ ಬರಂಗಿಲ್ಲ, ಮುಚ್ಚದ ಹಾರಂಗಿಲ್ಲ. ಬಂದೂಕಿನ ಸೇಫ್ಟಿ ಬಟನ್ ಮ್ಯಾಲೆ ನಂಬಿಕಿ ಇಡಬ್ಯಾಡ್ರಿ, ಅದು ಹೆಬ್ಬೆರಳಿಗೆ ಸರಿಯೋದು, ಹುಡುಗನ ಹೆಬ್ಬೆರಳಿಗೂ ಸರಿತೈತಿ. ನಾನು ತಿಜೂರಿ ಒಳಗೂ ಇದನ್ನ ಹಾಕಸ್ತೀನಿ.

ಆಯುಧ ಪೂಜಿಗೆ ಮಾತ್ರ ಅಪ್ಪ ಕೇಳಲಿಲ್ಲ, ಹೊರಗ ತಗದು ಕುಂಕುಮ ಹಚ್ಚಿ ಹೂವಿನ ಹಾರ ಹಾಕಿ ಕುಡಗೋಲು, ಟ್ರ್ಯಾಕ್ಟರ್ ಚಾವಿ ಜೊತಿಗೆ ಇಟ್ಟ, ಓಣಿ ಹುಡುಗ್ರೆಲ್ಲಾ ಪ್ರಸಾದಕ್ಕ ಬಂದು ಅದರ ಸುತ್ತ ನಿಂತಾವ, ಒಬ್ಬಾಂವ ಫೋಟೋ ಅಂತಾನ. ಆ ವೈರ್ ಕೀಲಿ ಹಾಕೇ ಪೂಜಿ ಮಾಡಿಸಿದೆ, ಹಾರದ ಕೆಳಗ ಕಾಣಂಗಿಲ್ಲ. ಪೂಜಾರಿ ಕೇಳಿದ್ರು ಇದೇನಪಾ ಸೈಕಲ್ ಕೀಲಿ ಅಂತ, ಅಪ್ಪ ಮಾತಾಡಲಿಲ್ಲ.

ಸ್ಟಾರ್ ಕೊಡೋದಾದ್ರ ಐದಕ್ಕ ಮೂರೂವರೆ. ಡಬ್ಬಿ ಕೀಲಿ ಬದಲಿ ಮಾಡಿಕೊಟ್ಟ ದಿನ ನಾಕಕ್ಕ ಏರಿಸಿ ಅಂಗಡಿ ಹೆಸರೂ ಹಾಕ್ತೀನಿ. ಸ್ಪಂಜಿಗೆ ಕಡಿದ ಅರ್ಧ ಸ್ಟಾರ್ ಮಾತ್ರ ವಾಪಸ್ ಕೊಡಂಗಿಲ್ಲ.