ಅಘನಾಶಿನಿ ಅಳಿವೆಯ ಹಕ್ಕಿ ಪ್ರವಾಸ: ದೋಣಿಯವರಿಗೆ ಪೂರ್ಣ ಅಂಕ, ವೇಳಾಪಟ್ಟಿಗೆ ಇಲ್ಲ

ಮಡಿಕೇರಿಯಿಂದ ಹೊರಡುವ ಎರಡು ದಿನಗಳ ಹಕ್ಕಿ ವೀಕ್ಷಣೆ ಪ್ರವಾಸಕ್ಕೆ ಕಳೆದ ನವೆಂಬರಿನಲ್ಲಿ, ತೋಟದಲ್ಲಿ ಕಾಫಿ ಕುಯ್ಲು ಬಿರುಸಾಗುವ ಮೊದಲು, ಪತ್ನಿಯೊಡನೆ ಹೋಗಿಬಂದೆ. ಶುಕ್ರವಾರ ರಾತ್ರಿ ಸಂಪಾಜೆ ಘಾಟಿ ಇಳಿದು ಬೆಳಿಗ್ಗೆ ಕುಮಟಾ ತಲುಪಿಸಿದ ವ್ಯಾನು, ತಂಗಿದ ಮನೆ, ಮೀನು ಸಾರಿನ ಊಟ ಎಲ್ಲವೂ ಕೊಟ್ಟ ಹಣಕ್ಕೆ ತಕ್ಕಂತಿದ್ದವು. ನನ್ನ ಆಕ್ಷೇಪವಿರುವುದು ವೇಳಾಪಟ್ಟಿಯ ಬಗ್ಗೆ.

ಶನಿವಾರ ಒಂಬತ್ತು ಗಂಟೆಗೆ ದೋಣಿ ಹತ್ತಿಸಿದಾಗ ಉಬ್ಬರ ತುಂಬಿತ್ತು. ಅಳಿವೆಯ ವಲಸೆ ಹಕ್ಕಿಗಳು ಮೇಯುವುದು ಇಳಿತದಲ್ಲಿ ತೆರೆದುಕೊಳ್ಳುವ ಕೆಸರುಬಯಲಿನಲ್ಲಿ. ನೀರು ಏರಿದಾಗ ಅವು ಮರಳದಿಣ್ಣೆಗಳಿಗೋ, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಎಂಬ ತಗ್ಗು ಗದ್ದೆಗಳ ಏರಿಗೋ ಸರಿದು ಒತ್ತೊತ್ತಾಗಿ ನಿಂತುಬಿಡುತ್ತವೆ. ಒಂದೂವರೆ ಗಂಟೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ ಸುತ್ತಿದರೂ ಕಂಡದ್ದು ಗರುಡ, ಮಿಂಚುಳ್ಳಿ ಮತ್ತು ನಾಲ್ಕಾರು ಬೆಳ್ಳಕ್ಕಿ. ಮಧ್ಯಾಹ್ನ ಮೂರಕ್ಕೆ ಇಳಿತವಾದಾಗ ನಾವು ಮಿರ್ಜಾನ್ ಕೋಟೆಯ ಗೋಡೆ ನೋಡುತ್ತಿದ್ದೆವು! ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆಂಬುದು ಗೊತ್ತಿದ್ದವರು ಪ್ರತಿ ವಾರಕ್ಕೂ ಒಂದೇ ವೇಳಾಪಟ್ಟಿ ಅಚ್ಚು ಹಾಕಿಸುವುದಿಲ್ಲ.

ನಮ್ಮನ್ನು ಉಳಿಸಿದವರು ದೋಣಿಯವರು. "ನಾಳೆ ಊಟ ಆದ್ಮೇಲೆ ಬನ್ನಿ ಸರ್, ನೀರು ಇಳೀತಾ ಇರ್ತದೆ" ಎಂದು ಅವರೇ ಆಯೋಜಕರನ್ನು ಒಪ್ಪಿಸಿದರು. ಭಾನುವಾರ ಎರಡೂವರೆಗೆ ಹೊರಟವರು ಮೂರೂವರೆಯ ಹೊತ್ತಿಗೆ ಬೇರೆಯೇ ಅಳಿವೆಯಲ್ಲಿದ್ದೆವು. ಉದ್ದನೆಯ ಕೊಕ್ಕು ಕೆಳಕ್ಕೆ ಬಾಗಿದ ಕರ್ಲ್ಯೂ ಹಕ್ಕಿಯೊಂದು ಕೆಸರಿನಾಳದಿಂದ ಏಡಿಯನ್ನು ಎಳೆದು, ಕಾಲುಗಳು ಕಳಚುವವರೆಗೂ ಒದರಿ, ಉಳಿದದ್ದನ್ನು ಇಡಿಯಾಗಿ ನುಂಗಿತು. ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ ಮೋಟುಕೊಕ್ಕಿನ ಪ್ಲವರ್ ಎಂಬ ಪುಟ್ಟ ದಡದ ಹಕ್ಕಿಗಳು ಓಡಿ, ನಿಂತು, ಮೇಲ್ಪದರದಲ್ಲಿ ಕಂಡದ್ದನ್ನಷ್ಟೇ ಹೆಕ್ಕುತ್ತಿದ್ದವು. ಒಂದೇ ಬಯಲಿನಲ್ಲಿ ಇಷ್ಟು ಬಗೆಯ ಹಕ್ಕಿಗಳು ಜಗಳವಿಲ್ಲದೆ ಹೇಗೆ ಬಾಳುತ್ತವೆಂಬುದಕ್ಕೆ ಕೊಕ್ಕಿನ ಉದ್ದವೇ ಬಹುಮಟ್ಟಿಗೆ ಉತ್ತರವೆಂದು ಮಾರ್ಗದರ್ಶಕರು ವಿವರಿಸಿದರು. ಈ ಯುವಕನ ತಿಳಿವಳಿಕೆಗೆ ನನ್ನ ಪೂರ್ಣ ಅಂಕ. 4,801 ಹೆಕ್ಟೇರಿನ ಈ ಅಳಿವೆ ಮಾಗಡಿ ಕೆರೆ, ಅಂಕಸಮುದ್ರಗಳೊಂದಿಗೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ್ದನ್ನು ತಿಳಿಸಿದವರೂ ಅವರೇ.

ಇನ್ನೊಂದು ಕೊರತೆ ದೂರದರ್ಶಕದ್ದು. ತೋಟದ ನೆರಳುಮರಗಳಲ್ಲಿ ಹಕ್ಕಿ ಮೂವತ್ತು ಹೆಜ್ಜೆಯೊಳಗೇ ಸಿಗುವುದರಿಂದ, ಅದೂ ಕೂಗಿ ಸುಳಿವು ಕೊಡುವುದರಿಂದ, ನನ್ನ 8x42 ಬೈನಾಕ್ಯುಲರ್ ಎಂದೂ ಸಾಲದೆನಿಸಿರಲಿಲ್ಲ. ಇಲ್ಲಿ ಇನ್ನೂರು ಮೀಟರ್ ಆಚೆ, ಬಿಸಿಲ ಝಳದಲ್ಲಿ, ಚಳಿಗಾಲದ ಮಂಕು ಗರಿಯ ಪ್ಲವರ್‌ಗಳೆಲ್ಲ ಒಂದೇ. ಕೆಂಟಿಷ್ ಪ್ಲವರ್‌ನ ಹಿಂಗತ್ತಿನ ಬಿಳಿ ಪಟ್ಟಿ, ಮರಳು ಪ್ಲವರ್‌ಗೆ ಅದಿಲ್ಲದಿರುವುದು, ಇವು ಕಾಣಬೇಕಾದರೆ ಟ್ರೈಪಾಡ್ ಮೇಲಿನ ದೊಡ್ಡ ದೂರದರ್ಶಕವೇ ಬೇಕು. ಹನ್ನೊಂದು ಮಂದಿಗೆ ಅದು ಒಂದೇ ಇತ್ತು, ಮತ್ತು ಅದನ್ನು ದೋಣಿಯಲ್ಲಿ ನಿಲ್ಲಿಸಲಾಗದೆ ಮರಳದಿಣ್ಣೆಗೆ ಇಳಿದ ಮೇಲಷ್ಟೇ ಬಳಸಬೇಕಾಯಿತು.

ಮಡಿಕೇರಿ ತಲುಪಿದಾಗ ರಾತ್ರಿ ಎರಡು ದಾಟಿತ್ತು. ಮುಂದಿನ ವರ್ಷದ ಪ್ರವಾಸಕ್ಕೆ ಮುಂಗಡ ಕೇಳಿ ಆಯೋಜಕರು ಆಗಲೇ ಕರೆ ಮಾಡಿದ್ದಾರೆ; ಆ ವಾರದ ಇಳಿತದ ಹೊತ್ತನ್ನು ಮೊದಲು ಕಳುಹಿಸಿಕೊಡಿ ಎಂದಿದ್ದೇನೆ.